ಆರ್ಟರಿ ಫೋರ್ಸೆಪ್ಸ್ ಮತ್ತೆ ಮೇಜಿಗೆ ಬರುವ ತನಕ

ಆಪರೇಷನ್ ಥಿಯೇಟರಿನಲ್ಲಿ ಅತಿ ಹೆಚ್ಚು ಕೈ ಬದಲಾಯಿಸುವ ಸಲಕರಣೆಗಳಲ್ಲಿ ಆರ್ಟರಿ ಫೋರ್ಸೆಪ್ಸ್ ಒಂದು. ಕತ್ತರಿಯ ಆಕಾರದ ಸಣ್ಣ ಇಕ್ಕಳ ಅದು. ಕೊಯ್ದ ಜಾಗದಲ್ಲಿ ರಕ್ತ ಒಸರುವ ನಾಳವನ್ನು ಹಿಡಿದು ಅದುಮಿಡುವುದು ಅದರ ಕೆಲಸ. ಬೆರಳು ತೂರಿಸಲು ಎರಡು ಉಂಗುರ, ಹಿಡಿತ ಸಡಿಲವಾಗದಂತೆ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳ ರ್ಯಾಚೆಟ್, ತುದಿಯಲ್ಲಿ ಅಡ್ಡಗೀರುಗಳಿರುವ ದವಡೆ, ನಡುವೆ ಒಂದು ಕೀಲು. ಒಂದು ತೋಳಿನ ಸೀಳಿನೊಳಗೆ ಇನ್ನೊಂದು ತೋಳು ಹಾದುಹೋಗುವಂತೆ ಈ ಕೀಲನ್ನು ಜೋಡಿಸಿರುತ್ತಾರೆ. ಬಾಕ್ಸ್ ಜಾಯಿಂಟ್ ಎನ್ನುತ್ತಾರೆ. ತೋಳುಗಳು ಅಲುಗದೆ ನೇರವಾಗಿ ಕೂಡುವುದು ಇದರಿಂದಲೇ. ತೊಂದರೆಯೂ ಇಲ್ಲೇ. ಆ ಸಂದಿಗೆ ರಕ್ತ ಇಳಿಯುತ್ತದೆ, ಒರೆಸುವ ಬಟ್ಟೆ ಇಳಿಯುವುದಿಲ್ಲ.

ಇವತ್ತು ಒಬ್ಬರ ಹರ್ನಿಯಾ ಆಪರೇಷನ್ನಿಗೆ ಬಳಸಿದ ಇಕ್ಕಳ ನಾಳೆ ಇನ್ನೊಬ್ಬರ ಹೊಟ್ಟೆಯೊಳಗೆ ಹೋಗುತ್ತದೆ. ಮೊದಲಿನವರ ಮೈಯ ಬ್ಯಾಕ್ಟೀರಿಯಾ ಎರಡನೆಯವರಿಗೆ ದಾಟದ ಹಾಗೆ ನೋಡಿಕೊಳ್ಳುವ ಹೊಣೆ ಆಸ್ಪತ್ರೆಯ ಸಿ.ಎಸ್.ಎಸ್.ಡಿ. ವಿಭಾಗದ್ದು. ಇಡೀ ಆಸ್ಪತ್ರೆಗೆ ಬೇಕಾದ ಕ್ರಿಮಿರಹಿತ ಸಲಕರಣೆ, ಬಟ್ಟೆ, ಡ್ರೆಸಿಂಗುಗಳನ್ನು ಒಂದೇ ಕಡೆ ತಯಾರಿಸಿ ಕಳಿಸುವ ಜಾಗ ಇದು. ಸಾಮಾನ್ಯವಾಗಿ ನೆಲಮಾಳಿಗೆಯಲ್ಲೋ ಥಿಯೇಟರಿನ ಹಿಂಬದಿಯಲ್ಲೋ ಇರುತ್ತದೆ. ರೋಗಿಗಳಾಗಲಿ ಅವರ ಕಡೆಯವರಾಗಲಿ ಅದನ್ನು ನೋಡುವ ಸಂದರ್ಭವೇ ಬರುವುದಿಲ್ಲ. ಸರ್ಜನ್ನರ ಕೈಚಳಕದ ಬಗ್ಗೆ ಊರಿಡೀ ಮಾತಾಡುತ್ತದೆ. ಆ ಕೈಗೆ ಬಂದ ಇಕ್ಕಳವನ್ನು ಸಿದ್ಧಪಡಿಸಿದವರ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಆ ಕೆಲಸದಲ್ಲಿರುವ ತಿಳಿವಳಿಕೆ, ತಾಳ್ಮೆ ಎರಡೂ ಸಣ್ಣವಲ್ಲ.

ಕೆಲಸ ಶುರುವಾಗುವುದು ಸಿ.ಎಸ್.ಎಸ್.ಡಿ.ಯಲ್ಲಿ ಅಲ್ಲ, ಆಪರೇಷನ್ ಮೇಜಿನ ಪಕ್ಕದಲ್ಲೇ. ಕೇಸ್ ನಡೆಯುತ್ತಿರುವಾಗಲೇ ಸ್ಕ್ರಬ್ ನರ್ಸ್ ಬಳಸಿದ ಇಕ್ಕಳಗಳನ್ನು ಒದ್ದೆ ಗಾಜ್ ಬಟ್ಟೆಯಿಂದ ಒರೆಸುತ್ತಿರುತ್ತಾರೆ. ಬಟ್ಟೆ ನೆನೆಸುವುದು ಕ್ರಿಮಿರಹಿತ ನೀರಿನಲ್ಲಿ. ಪಕ್ಕದಲ್ಲೇ ಬೇಕಾದಷ್ಟು ಸಲೈನ್ ಇದ್ದರೂ ಅದನ್ನು ಇದಕ್ಕೆ ಬಳಸುವಂತಿಲ್ಲ, ಏಕೆಂದರೆ ಸಲೈನಿನ ಉಪ್ಪು ಸ್ಟೇನ್‌ಲೆಸ್ ಸ್ಟೀಲನ್ನೂ ಸಣ್ಣ ಸಣ್ಣ ಗುಳಿಗಳಾಗಿ ತಿನ್ನುತ್ತದೆ. ಒಂದು ಗುಳಿ ಬಿದ್ದರೆ ಬ್ಯಾಕ್ಟೀರಿಯಾಕ್ಕೆ ಅಲ್ಲೊಂದು ನೆಲೆ ಸಿಕ್ಕಿತು. ಕೇಸ್ ಮುಗಿದ ಮೇಲೆ ಎಲ್ಲ ಸಲಕರಣೆಗಳನ್ನೂ ಎಣಿಸಿ, ರ್ಯಾಚೆಟ್ ಬಿಡಿಸಿ, ಬಾಯಿ ತೆರೆದ ಸ್ಥಿತಿಯಲ್ಲೇ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಒಣಗದಂತೆ ತೇವ ಉಳಿಸಿ ಕಳಿಸುತ್ತಾರೆ. ಹಸಿ ರಕ್ತ ನಿಮಿಷಗಳಲ್ಲಿ ತೊಳೆದುಹೋಗುತ್ತದೆ. ಅದೇ ಒಣಗಿ ಕೂತರೆ ಉಜ್ಜಿದರೂ ಬಿಡುವುದಿಲ್ಲ. ತೇವದಲ್ಲಿ ಉಳಿದ ಕೊಳೆಯಲ್ಲಿ ಬ್ಯಾಕ್ಟೀರಿಯಾ ತಮ್ಮ ಸುತ್ತ ಅಂಟಂಟಾದ ಪದರವನ್ನೂ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಎಂದು ಕರೆಯುವ ಈ ಪದರದೊಳಕ್ಕೆ ಕ್ರಿಮಿನಾಶಕ ಸುಲಭವಾಗಿ ಇಳಿಯದು. ಹಾಗಾಗಿ ಒಣಗಲೂಬಾರದು, ತೇವದಲ್ಲಿ ಬಹಳ ಹೊತ್ತು ಕೂರಲೂಬಾರದು. ಬೇಗ ತಲುಪಿಸುವುದೊಂದೇ ದಾರಿ.

ಚೆನ್ನಾಗಿ ಕಟ್ಟಿದ ಸಿ.ಎಸ್.ಎಸ್.ಡಿ.ಯಲ್ಲಿ ದಾರಿ ಒಂದೇ ದಿಕ್ಕಿನದು. ಕೊಳೆಯಾದ ಸಲಕರಣೆ ಒಂದು ಬಾಗಿಲಿನಿಂದ ಒಳಬರುತ್ತದೆ, ತೊಳೆಯುವ ಕೋಣೆ ದಾಟಿ ಪ್ಯಾಕಿಂಗ್ ಕೋಣೆಗೆ, ಅಲ್ಲಿಂದ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೊಕ್ಲೇವ್ ಯಂತ್ರದ ಮೂಲಕ ಸ್ಟೆರೈಲ್ ಸ್ಟೋರಿಗೆ ಹೋಗುತ್ತದೆ. ದೊಡ್ಡ ಆಸ್ಪತ್ರೆಗಳ ಆಟೊಕ್ಲೇವ್‌ಗೆ ಎರಡು ಬಾಗಿಲು: ಒಂದು ಪ್ಯಾಕಿಂಗ್ ಕೋಣೆಗೆ, ಇನ್ನೊಂದು ಸ್ಟೋರಿಗೆ ತೆರೆಯುತ್ತದೆ. ಎರಡೂ ಒಟ್ಟಿಗೆ ತೆರೆಯುವುದಿಲ್ಲ. ಗಾಳಿಯ ಓಟವನ್ನೂ ಅದೇ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ತೊಳೆಯುವ ಕೋಣೆಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಅಲ್ಲಿನ ಗಾಳಿ ಶುದ್ಧ ಕೋಣೆಗಳ ಕಡೆ ಹರಿಯದು.

ತೊಳೆಯುವ ಕೋಣೆಯಲ್ಲಿ ನಿಂತವರನ್ನು ನೋಡಬೇಕು. ಮೊಣಕೈವರೆಗಿನ ದಪ್ಪ ಗ್ಲೌಸ್, ನೀರು ಹೀರದ ಏಪ್ರನ್, ಮಾಸ್ಕ್, ಮುಖ ಮುಚ್ಚುವ ಪಾರದರ್ಶಕ ಶೀಲ್ಡ್. ನೀರಿನಡಿಯಲ್ಲಿ ಅಡಗಿದ ಒಂದು ಮೊನೆ ಚುಚ್ಚಿದರೆ ಹೆಪಟೈಟಿಸ್ ಬಿ, ಸಿ ಅಥವಾ ಎಚ್‌ಐವಿ ತಗಲುವ ಅಪಾಯ ಇವರಿಗೇ ಇರುವುದು. ಮೊದಲ ಜಾಲಿಸುವಿಕೆ ತಣ್ಣೀರಿನಲ್ಲಿ. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಲೋಹಕ್ಕೆ ಹಿಡಿದುಕೊಳ್ಳುತ್ತದೆ. ಆಮೇಲೆ ಎಂಜೈಮ್ ಬೆರೆಸಿದ ದ್ರಾವಣದಲ್ಲಿ ನೆನೆಯಲು ಬಿಡುತ್ತಾರೆ. ಪ್ರೋಟೀನನ್ನೂ ಕೊಬ್ಬನ್ನೂ ತುಂಡರಿಸುವ ಎಂಜೈಮ್‌ಗಳು ಅದರಲ್ಲಿರುತ್ತವೆ. ನೀರಿಗೆ ಎಷ್ಟು ಮಿಲಿಲೀಟರ್ ಬೆರೆಸಬೇಕು, ನೀರು ಎಷ್ಟು ಬೆಚ್ಚಗಿರಬೇಕು, ಎಷ್ಟು ಹೊತ್ತು ನೆನೆಯಬೇಕು ಎಂಬುದು ಬಾಟಲಿಯ ಮೇಲೆಯೇ ಇರುತ್ತದೆ. ನುರಿತವರು ಅದನ್ನು ಅಳೆದೇ ಹಾಕುತ್ತಾರೆ, ಕಣ್ಣಂದಾಜಿನಲ್ಲಿ ಅಲ್ಲ.

ನಮ್ಮ ಆರ್ಟರಿ ಫೋರ್ಸೆಪ್ಸ್ ಈಗ ಬ್ರಷ್ಷಿಗೆ ಬರುತ್ತದೆ. ಮೃದುವಾದ ನೈಲಾನ್ ಬ್ರಷ್. ತಂತಿ ಬ್ರಷ್ ಗೀರು ಬೀಳಿಸುತ್ತದೆ. ಇಕ್ಕಳವನ್ನು ಪೂರ್ತಿ ನೀರಿನಡಿ ಹಿಡಿದೇ ಉಜ್ಜಬೇಕು, ಇಲ್ಲದಿದ್ದರೆ ರಕ್ತದ ಕಣಗಳು ಹನಿಗಳಾಗಿ ಹಾರುತ್ತವೆ. ದವಡೆಯ ಗೀರುಗಳ ಉದ್ದಕ್ಕೆ, ರ್ಯಾಚೆಟ್ ಹಲ್ಲುಗಳ ನಡುವೆ, ಕೊನೆಗೆ ಕೀಲಿನ ಎರಡೂ ಬದಿಗೆ. ಕೀಲನ್ನು ಉಜ್ಜುವಾಗ ಇಕ್ಕಳವನ್ನು ತೆರೆದು ಮುಚ್ಚಿ ಮತ್ತೆ ತೆರೆಯುತ್ತಾರೆ. ಪ್ರತಿ ಸಲ ತೆರೆದಾಗಲೂ ಒಳಗಿನ ಬೇರೊಂದು ಭಾಗ ಹೊರಗೆ ಬರುತ್ತದೆ. ಅಷ್ಟು ಮಾಡಿದರೂ ಬ್ರಷ್ಷಿನ ಎಳೆ ತಲುಪದ ಜಾಗ ಉಳಿಯುತ್ತದೆ. ಅದಕ್ಕೇ ಅಲ್ಟ್ರಾಸಾನಿಕ್ ತೊಟ್ಟಿ. ಕಿವಿಗೆ ಕೇಳಿಸದಷ್ಟು ಎತ್ತರದ ಕಂಪನ, ಹೆಚ್ಚಾಗಿ ಸೆಕೆಂಡಿಗೆ ಸುಮಾರು 40,000 ಸಲ, ನೀರಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಗುಳ್ಳೆಗಳನ್ನು ಎಬ್ಬಿಸುತ್ತದೆ. ಅವು ಲೋಹಕ್ಕೆ ತಾಗಿದಲ್ಲೇ ಒಳಕ್ಕೆ ಕುಸಿಯುತ್ತವೆ. ಆ ಕುಸಿತದ ಎಳೆತಕ್ಕೆ ಕೀಲಿನೊಳಗಿನ ಕೊಳೆ ಕಿತ್ತು ಬರುತ್ತದೆ. ಕೊನೆಯ ಜಾಲಿಸುವಿಕೆ ಲವಣ ತೆಗೆದ ನೀರಿನಲ್ಲಿ. ಬೋರ್‌ವೆಲ್ ನೀರಿನ ಸುಣ್ಣದಂಶ ಉಳಿದರೆ ಆಟೊಕ್ಲೇವ್‌ನ ಬಿಸಿಗೆ ಬಿಳಿ ಕಲೆಯಾಗಿ ಕೂರುತ್ತದೆ.

ಇಷ್ಟೆಲ್ಲ ತೊಳೆಯುವುದೇಕೆ, ಹೇಗೂ ಆಟೊಕ್ಲೇವ್ ಮಾಡುತ್ತಾರಲ್ಲ ಎಂಬ ಪ್ರಶ್ನೆ ಸಹಜ. ಕ್ರಿಮಿ ಸಾಯಬೇಕಾದರೆ ಹಬೆ ಅದನ್ನು ಮುಟ್ಟಬೇಕು. ಒಣರಕ್ತದ ತೆಳು ಪೊರೆಯ ಅಡಿಯಲ್ಲಿ ಕೂತ ಬ್ಯಾಕ್ಟೀರಿಯಾಕ್ಕೆ ಆ ಪೊರೆಯೇ ಮರೆ. ಈ ಇಡೀ ಕಸುಬಿನ ಬೆನ್ನೆಲುಬು ಇರುವುದು ತೊಳೆಯುವ ತೊಟ್ಟಿಯ ಹತ್ತಿರವೇ ಎಂದು ನನಗೆ ಅನ್ನಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೂಡ ಕೊಳೆ ತೆಗೆಯುವುದಿಲ್ಲ. ಕೊಳೆ ಹೋದ ಮೇಲೆ ಉಳಿದದ್ದನ್ನು ಕೊಲ್ಲುತ್ತದೆ, ಅಷ್ಟೇ.

ಒಣಗಿದ ಸಲಕರಣೆ ಪ್ಯಾಕಿಂಗ್ ಮೇಜಿಗೆ ಬರುತ್ತದೆ. ಅಲ್ಲಿ ದೀಪವಿರುವ ಭೂತಗನ್ನಡಿಯಡಿ ಒಂದೊಂದನ್ನೇ ಹಿಡಿದು ನೋಡುತ್ತಾರೆ. ಕಲೆ ಕಂಡರೆ ತೊಳೆಯುವ ಕೋಣೆಗೆ ವಾಪಸ್. ಆಮೇಲೆ ಕೆಲಸದ ಪರೀಕ್ಷೆ. ಆರ್ಟರಿ ಫೋರ್ಸೆಪ್ಸ್‌ನ ರ್ಯಾಚೆಟ್ಟನ್ನು ಮೊದಲ ಹಲ್ಲಿಗೆ ಮಾತ್ರ ಕೂರಿಸಿ, ಅಂಗೈಗೆ ಮೆಲ್ಲಗೆ ತಟ್ಟುತ್ತಾರೆ. ತಾನಾಗಿ ಬಿಚ್ಚಿಕೊಂಡರೆ ಅದು ರಿಪೇರಿಗೆ ಹೋಗಬೇಕು, ಏಕೆಂದರೆ ಹೊಟ್ಟೆಯೊಳಗೆ ನಾಳ ಹಿಡಿದಾಗ ಹಾಗಾದರೆ ಗತಿ ಏನು? ದವಡೆ ಮುಚ್ಚಿ ಬೆಳಕಿಗೆ ಹಿಡಿದರೆ ತುದಿಗಳು ಕೂಡಿರಬೇಕು. ಕತ್ತರಿಗೆ ಗಾಜ್ ಬಟ್ಟೆಯ ಪರೀಕ್ಷೆ: ತುದಿಯಿಂದಲೇ ಎಳೆ ಎಳೆಯದೆ ಕತ್ತರಿಸಬೇಕು. ಕೀಲಿಗೆ ಹಬೆಯನ್ನು ತಡೆಯದ, ನೀರಿನಲ್ಲಿ ಕರಗುವ ಎಣ್ಣೆಯನ್ನಷ್ಟೇ ಹಾಕುತ್ತಾರೆ.

ಸೆಟ್ ಜೋಡಿಸುವುದಕ್ಕೂ ಕ್ರಮವಿದೆ. ಸೆಟ್ ಎಂದರೆ ಒಂದು ಬಗೆಯ ಆಪರೇಷನ್ನಿಗೆ ಬೇಕಾದ ಸಲಕರಣೆಗಳ ಪೂರ್ಣ ಗುಂಪು. ಸಿಸೇರಿಯನ್ ಸೆಟ್, ಅಪೆಂಡಿಕ್ಸ್ ಸೆಟ್, ಹೀಗೆ. ಪಟ್ಟಿ ನೋಡಿ ಎಣಿಸುತ್ತಾ ಹೋಗುತ್ತಾರೆ. ‘ಸಿಸ್ಟರ್, ಈ ಸೆಟ್ಟಿನಲ್ಲಿ ಒಂದು ಮಸ್ಕಿಟೊ ಕಡಿಮೆ ಇದೆ’ ಎಂಬ ಮಾತು ಬಂದರೆ ಆ ಸಣ್ಣ ಇಕ್ಕಳ ಸಿಗುವ ತನಕ ಹುಡುಕಾಟ ನಿಲ್ಲದು. ಭಾರದವು ಕೆಳಗೆ, ನಾಜೂಕಿನವು ಮೇಲೆ. ಉಂಗುರವಿರುವವನ್ನೆಲ್ಲ ಒಂದು ಸರಳಿಗೆ ಪೋಣಿಸಿ ಬಾಯಿ ತೆರೆದಿಡುತ್ತಾರೆ. ಮುಚ್ಚಿದ ರ್ಯಾಚೆಟ್ಟಿನ ದವಡೆಗಳ ನಡುವೆ ಹಬೆ ಹೋಗದು, ಜೊತೆಗೆ ಬಿಸಿಗೆ ಹಿಗ್ಗಿ ಕೀಲು ಸೀಳಲೂಬಹುದು. ಬಟ್ಟಲುಗಳನ್ನು ನೀರು ನಿಲ್ಲದಂತೆ ಓರೆಯಾಗಿಡುತ್ತಾರೆ. ಆಮೇಲೆ ಎರಡು ಪದರದ ಹೊದಿಕೆ. ಒಂದೊಂದು ಪದರವನ್ನೂ ಬೇರೆಬೇರೆಯಾಗಿ, ಮೂಲೆಯ ತುದಿಯನ್ನು ಸ್ವಲ್ಪ ಹಿಂದಕ್ಕೆ ಮಡಚಿ, ಹಿಡಿಯಲು ಕಿವಿ ಬಿಟ್ಟು ಸುತ್ತುತ್ತಾರೆ. ಥಿಯೇಟರಿನಲ್ಲಿ ಬಿಚ್ಚುವವರು ಆ ಕಿವಿಯನ್ನಷ್ಟೇ ಹಿಡಿದು ಎಳೆಯುತ್ತಾರೆ, ಒಳಗಿನ ಭಾಗಕ್ಕೆ ಕೈ ತಾಗುವುದೇ ಇಲ್ಲ. ಸುತ್ತು ಬಿಗಿಯಾದರೆ ಹಬೆ ನುಗ್ಗದು, ಸಡಿಲವಾದರೆ ಬಿಚ್ಚಿಕೊಳ್ಳುತ್ತದೆ. ಎಷ್ಟು ಬಿಗಿ ಎಂಬುದನ್ನು ಪುಸ್ತಕ ಹೇಳಲಾರದು. ಅದು ಕೈಗೆ ಬರುವ ಅಂದಾಜು.

ಈಗ ಆಟೊಕ್ಲೇವ್. ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಅವರ ಜೊತೆ ಕೆಲಸ ಮಾಡುತ್ತಿದ್ದ ಚಾರ್ಲ್ಸ್ ಶಾಂಬರ್ಲಾಂ 1879ರಲ್ಲಿ ಇದನ್ನು ರೂಪಿಸಿದರು. ಅದಕ್ಕೆ ಮೊದಲು, 1865ರಿಂದ, ಗ್ಲಾಸ್ಗೋದ ಸರ್ಜನ್ ಜೋಸೆಫ್ ಲಿಸ್ಟರ್ ಗಾಯಕ್ಕೂ ಸಲಕರಣೆಗೂ ಕಾರ್ಬೋಲಿಕ್ ಆಮ್ಲ ಬಳಸಿ ಕೀವಾಗುವುದನ್ನು ತಡೆದು ತೋರಿಸಿದ್ದರು. ರಾಸಾಯನಿಕ ಬಿಟ್ಟು ಹಬೆಯ ಕಡೆಗೆ ಶಸ್ತ್ರಚಿಕಿತ್ಸೆಯನ್ನು ತಿರುಗಿಸಿದವರು ಬರ್ಲಿನ್ನಿನ ಎರ್ನ್ಸ್ಟ್ ಫಾನ್ ಬೆರ್ಗ್‌ಮನ್ ಮತ್ತು ಅವರ ಸಹಾಯಕ ಕುರ್ಟ್ ಶಿಮೆಲ್‌ಬುಶ್. ಬದಿಯಲ್ಲಿ ತೂತುಗಳಿದ್ದು, ಹಬೆ ಹಾಯಿಸಿದ ಮೇಲೆ ಪಟ್ಟಿ ಸರಿಸಿ ಅವನ್ನು ಮುಚ್ಚಬಹುದಾದ ದುಂಡನೆಯ ಲೋಹದ ಪೆಟ್ಟಿಗೆಗೆ ಇಂದಿಗೂ ಶಿಮೆಲ್‌ಬುಶ್ ಡ್ರಮ್ ಎಂಬ ಹೆಸರಿದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಹತ್ತಿ, ಗಾಜ್ ತುಂಬಿ ಆಟೊಕ್ಲೇವ್‌ಗೆ ಇಡುವ ‘ಡ್ರಮ್’ ಅದೇ ವಂಶದ್ದು.

ಹಬೆಯ ಶಕ್ತಿ ಬರೀ ಬಿಸಿಯದಲ್ಲ. ಒಣಗಾಳಿಯ ಒಲೆಯಲ್ಲಿ ಸಲಕರಣೆಯನ್ನು ಕ್ರಿಮಿರಹಿತ ಮಾಡಬೇಕಾದರೆ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಬೇಕು. ಹಬೆಗೆ 121 ಡಿಗ್ರಿಯಲ್ಲಿ 15 ನಿಮಿಷ ಸಾಕು, ದಪ್ಪ ಪ್ಯಾಕಾದರೆ ಅರ್ಧ ಗಂಟೆ. ನಿರ್ವಾತ ಮಾಡುವ ಯಂತ್ರದಲ್ಲಿ 134 ಡಿಗ್ರಿಗೆ ಮೂರ್ನಾಲ್ಕು ನಿಮಿಷ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ತಾಗಿದ ಹಬೆ, ಅಷ್ಟೇ ಬಿಸಿಯ ಒಣಗಾಳಿಗಿಂತ ಎಷ್ಟು ಜೋರಾಗಿ ಸುಡುತ್ತದೆ ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ತಣ್ಣಗಿನ ಮೇಲ್ಮೈ ಸಿಕ್ಕಿದ ಕೂಡಲೇ ಹಬೆ ನೀರಾಗುತ್ತದೆ, ನೀರಾಗುವಾಗ ತಾನು ಹೊತ್ತಿದ್ದ ಗುಪ್ತೋಷ್ಣವನ್ನು, ಗ್ರಾಮಿಗೆ ಸುಮಾರು 540 ಕ್ಯಾಲೊರಿಯನ್ನು, ಅಲ್ಲೇ ಸುರಿದುಬಿಡುತ್ತದೆ. ತೇವವೂ ಬಿಸಿಯೂ ಸೇರಿದಾಗ ಬ್ಯಾಕ್ಟೀರಿಯಾದ ಪ್ರೋಟೀನ್ ಬೇಗ ಹೆಪ್ಪುಗಟ್ಟುತ್ತದೆ.

ಇದಕ್ಕೆ ದೊಡ್ಡ ಶತ್ರು ಗಾಳಿ. ಪ್ಯಾಕಿನೊಳಗೆ ಗಾಳಿ ಉಳಿದ ಕಡೆ ಹಬೆಗೆ ಜಾಗವಿಲ್ಲ. ಒತ್ತಡದ ಮುಳ್ಳು ಸರಿಯಾದ ಅಂಕಿ ತೋರಿಸುತ್ತಿದ್ದರೂ ಆ ಮೂಲೆ ತಣ್ಣಗೇ ಇರುತ್ತದೆ. ಹಳೆಯ ಮಾದರಿಯಲ್ಲಿ ಹಬೆ ಮೇಲಿಂದ ತುಂಬುತ್ತಾ ಭಾರದ ಗಾಳಿಯನ್ನು ಕೆಳಗಿನ ಕಿಂಡಿಯಿಂದ ತಳ್ಳುತ್ತದೆ. ಹೊಸ ಮಾದರಿಯಲ್ಲಿ ಪಂಪು ಗಾಳಿಯನ್ನು ಹೀರುತ್ತದೆ. ಪಂಪು ನಿಜಕ್ಕೂ ಹೀರುತ್ತಿದೆಯೇ ಎಂದು ತಿಳಿಯಲು ದಿನದ ಮೊದಲ ಲೋಡಿಗೆ ಮುಂಚೆ, ಖಾಲಿ ಯಂತ್ರದಲ್ಲಿ, ಬೋವೀ–ಡಿಕ್ ಪರೀಕ್ಷೆ ಮಾಡುತ್ತಾರೆ. ಸ್ಕಾಟ್ಲೆಂಡಿನ ಬೋವೀ ಮತ್ತು ಡಿಕ್ ಅವರ ಹೆಸರಿನ ಈ ಪರೀಕ್ಷೆ 1963ರಿಂದ ಬಳಕೆಯಲ್ಲಿದೆ. ಬಣ್ಣ ಬದಲಾಗುವ ಶಾಯಿಯಲ್ಲಿ ವಿನ್ಯಾಸ ಅಚ್ಚಾದ ಹಾಳೆಯೊಂದನ್ನು ದಪ್ಪ ಪ್ಯಾಕಿನ ನಡುವೆ ಇಟ್ಟು 134 ಡಿಗ್ರಿಯಲ್ಲಿ ಮೂರೂವರೆ ನಿಮಿಷ ಓಡಿಸುತ್ತಾರೆ. ಹಾಳೆಯಿಡೀ ಒಂದೇ ಸಮನೆ ಕಪ್ಪಾಗಬೇಕು. ನಡುವೆ ಮಾಸಲು ಉಳಿದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿತ್ತು ಎಂದರ್ಥ, ಆ ದಿನ ಆ ಯಂತ್ರ ಬಂದ್.

ಲೋಡ್ ಮಾಡುವಾಗ ಪ್ಯಾಕ್‌ಗಳ ನಡುವೆ ಅಂಗೈ ಹೋಗುವಷ್ಟು ಜಾಗ ಬಿಡುತ್ತಾರೆ. ಕೇಸುಗಳ ಒತ್ತಡವಿರುವ ದಿನ ಇನ್ನೊಂದು ಪ್ಯಾಕ್ ತುರುಕುವ ಆಸೆ ಬರುವುದೇ ಇಲ್ಲಿ. ಅನುಭವಿಗಳು ತುರುಕುವುದಿಲ್ಲ. ಸೈಕಲ್ ಮುಗಿದ ಮೇಲೂ ಒಣಗಲು ಅರ್ಧ ಗಂಟೆಯ ಹತ್ತಿರ ಬಿಡುತ್ತಾರೆ. ಬಿಸಿ ಪ್ಯಾಕನ್ನು ತಣ್ಣನೆಯ ಉಕ್ಕಿನ ಮೇಜಿನ ಮೇಲಿಟ್ಟರೆ ಅಡಿಯಲ್ಲಿ ಬೆವರುತ್ತದೆ, ಒದ್ದೆಯಾದ ಬಟ್ಟೆಯ ಎಳೆಗಳ ಮೂಲಕ ಹೊರಗಿನ ಬ್ಯಾಕ್ಟೀರಿಯಾ ಒಳಗೆ ಸಾಗುತ್ತದೆ. ಒದ್ದೆ ಪ್ಯಾಕ್ ಸಿಕ್ಕರೆ ಎಷ್ಟೇ ಅವಸರವಿದ್ದರೂ ಅದನ್ನು ಬಿಚ್ಚಿ ಮೊದಲಿನಿಂದ ಸುತ್ತಬೇಕು.

ಇಷ್ಟಾಗಿ, ಕ್ರಿಮಿರಹಿತ ಇಕ್ಕಳಕ್ಕೂ ಕ್ರಿಮಿಯಿರುವ ಇಕ್ಕಳಕ್ಕೂ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಹಾಗಾಗಿ ಈ ಕಸುಬಿನವರು ಸಾಕ್ಷಿಗಳನ್ನು ಪದರ ಪದರವಾಗಿ ಇಡುತ್ತಾರೆ. ಹೊರಗೆ ಅಂಟಿಸಿದ ಆಟೊಕ್ಲೇವ್ ಟೇಪಿನ ಗೆರೆಗಳು ಕಪ್ಪಾಗಿದ್ದರೆ ಪ್ಯಾಕ್ ಯಂತ್ರದೊಳಗೆ ಹೋಗಿಬಂದಿದೆ ಎಂದಷ್ಟೇ ಗೊತ್ತಾಗುತ್ತದೆ. ಒಳಗಿಟ್ಟ ಪಟ್ಟಿ ಬಿಸಿ, ಸಮಯ, ಹಬೆ ಮೂರೂ ಕೂಡಿದರೆ ಮಾತ್ರ ಬಣ್ಣ ಬದಲಾಯಿಸುತ್ತದೆ. ಮೂರನೆಯ ಸಾಕ್ಷಿ ಜೀವವಿರುವಂಥದ್ದು. ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ, ಬಿಸಿಯನ್ನು ಅಸಾಧಾರಣವಾಗಿ ತಾಳುವ ಬ್ಯಾಕ್ಟೀರಿಯಾದ ಬೀಜಕಗಳಿರುವ ಪುಟ್ಟ ಟ್ಯೂಬನ್ನು, ಹಬೆ ತಲುಪಲು ಅತಿ ಕಷ್ಟವಾದ ಜಾಗದಲ್ಲಿಡುತ್ತಾರೆ. ಬೀಜಕ ಎಂದರೆ ಬ್ಯಾಕ್ಟೀರಿಯಾ ಕಷ್ಟಕಾಲಕ್ಕೆ ತಳೆಯುವ ಗಟ್ಟಿ ಕವಚದ ರೂಪ. ಸೈಕಲ್ ಆದ ಮೇಲೆ ಟ್ಯೂಬನ್ನು 55ರಿಂದ 60 ಡಿಗ್ರಿಯಲ್ಲಿ ಒಂದೆರಡು ದಿನ ಇಡುತ್ತಾರೆ. ಬೀಜಕಗಳು ಸತ್ತಿದ್ದರೆ ದ್ರವ ನೇರಳೆಯಾಗಿಯೇ ಉಳಿಯುತ್ತದೆ, ಬದುಕಿದ್ದರೆ ಹಳದಿಯಾಗುತ್ತದೆ. ಪಕ್ಕದಲ್ಲಿ ಆಟೊಕ್ಲೇವ್ ಕಾಣದ ಇನ್ನೊಂದು ಟ್ಯೂಬ್ ಇರುತ್ತದೆ. ಅದು ಹಳದಿ ಆಗಲೇಬೇಕು. ಆಗದಿದ್ದರೆ ಬೀಜಕಗಳು ಮೊದಲೇ ಸತ್ತಿದ್ದವು, ಪರೀಕ್ಷೆಯೇ ಸುಳ್ಳು. ತಮ್ಮ ಸಾಕ್ಷಿಯನ್ನೂ ಹೀಗೆ ಅನುಮಾನಿಸಿ ನೋಡುವ ಈ ಶಿಸ್ತು ಬಹಳ ದೊಡ್ಡದು.

ಆಪರೇಷನ್ ಕೋಣೆಯಲ್ಲಿ ಹಬೆ ತಾಳದ ವಸ್ತುಗಳೂ ಬೇಕಾದಷ್ಟಿವೆ. ಯಾವುದಕ್ಕೆ ಎಷ್ಟು ಶುದ್ಧಿ ಎಂಬುದಕ್ಕೆ ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ ಕಳೆದ ಶತಮಾನದಲ್ಲಿ ಹಾಕಿಕೊಟ್ಟ ವಿಂಗಡಣೆ ಇಂದಿಗೂ ನಡೆಯುತ್ತಿದೆ. ದೇಹದೊಳಗಿನ ಅಂಗಾಂಶ ಮುಟ್ಟುವಂಥದ್ದು ಪೂರ್ತಿ ಕ್ರಿಮಿರಹಿತವಾಗಿರಬೇಕು. ಬಾಯಿ, ಗಂಟಲಿನಂಥ ಒದ್ದೆ ಪೊರೆ ಮುಟ್ಟುವ ಲ್ಯಾರಿಂಗೊಸ್ಕೋಪ್ ಬ್ಲೇಡಿನಂಥವಕ್ಕೆ ಉನ್ನತ ಮಟ್ಟದ ಸೋಂಕುನಿವಾರಣೆ ಬೇಕು. ಅನೇಕ ಕಡೆ ಇದಕ್ಕೆ ಶೇಕಡ 2ರ ಗ್ಲೂಟರಾಲ್ಡಿಹೈಡ್ ದ್ರಾವಣ ಬಳಸುತ್ತಾರೆ. ಗಾಯವಿಲ್ಲದ ಚರ್ಮವನ್ನಷ್ಟೇ ಮುಟ್ಟುವಂಥವನ್ನು ಚೆನ್ನಾಗಿ ಒರೆಸಿದರೆ ಸಾಕು.

ಆದರೆ ಈ ‘ಒರೆಸಿದರೆ ಸಾಕು’ ಎಂಬ ಗುಂಪಿನಲ್ಲೇ ಹಂಚಿಕೊಂಡು ಬಳಸುವ ವಸ್ತುಗಳೆಲ್ಲ ಇರುವುದು: ಬಿ.ಪಿ. ನೋಡುವ ಪಟ್ಟಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕ್ಲಿಪ್, ಕೈ ಬಿಗಿಯುವ ಟೂರ್ನಿಕೆಟ್, ಮಾನಿಟರಿನ ವೈರುಗಳು, ಮೇಜಿನ ರಿಮೋಟು, ಅರಿವಳಿಕೆ ಯಂತ್ರದ ತಿರುಪುಗಳು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಒಣ ಮೇಲ್ಮೈಯಲ್ಲಿ ಏಳು ದಿನದಿಂದ ಏಳು ತಿಂಗಳವರೆಗೆ ಬದುಕಬಲ್ಲದು. ಐಸಿಯುಗಳನ್ನು ಕಾಡುವ ಅಸಿನೆಟೊಬ್ಯಾಕ್ಟರ್ ಐದು ತಿಂಗಳವರೆಗೂ ಇರಬಲ್ಲದು. 2008ರಲ್ಲಿ ಅಮೆರಿಕದ ಡಾರ್ಟ್‌ಮತ್–ಹಿಚ್‌ಕಾಕ್ ಆಸ್ಪತ್ರೆಯ ವೈದ್ಯರು ಅರಿವಳಿಕೆ ಯಂತ್ರದ ಮುಖ್ಯ ತಿರುಪುಗಳಿಂದ ಮಾದರಿ ತೆಗೆದು ನೋಡಿದಾಗ, ಕೇಸ್ ನಡೆಯುತ್ತಿದ್ದಂತೆ ಅಲ್ಲಿ ಬ್ಯಾಕ್ಟೀರಿಯಾ ಹೆಚ್ಚುವುದೂ, ಡ್ರಿಪ್ ನಳಿಕೆಗೆ ಔಷಧ ಹಾಕುವ ತಿರುವಿನವರೆಗೆ ದಾಟುವುದೂ ಕಂಡಿತು. ದಾಟಿಸುವುದು ಕೈಗಳು.

ಎರಡು ಕೇಸುಗಳ ನಡುವಿನ ಸಣ್ಣ ಬಿಡುವಿನಲ್ಲಿ ಇದನ್ನೆಲ್ಲ ಒರೆಸುವವರು ಹೌಸ್‌ಕೀಪಿಂಗ್‌ನವರು, ಗ್ರೂಪ್ ಡಿ ನೌಕರರು, ಓ.ಟಿ. ಟೆಕ್ನೀಷಿಯನ್ನರು. ನಮ್ಮಲ್ಲಿ ಈ ಕೆಲಸಕ್ಕೆ ಇನ್ನೂ ‘ಕಾರ್ಬಲೈಸೇಶನ್’ ಎನ್ನುವುದುಂಟು; ಲಿಸ್ಟರ್ ಕಾಲದ ಆಮ್ಲದ ಹೆಸರು ಮಾತಿನಲ್ಲಿ ಉಳಿದಿದೆ, ಡಬ್ಬಿಯಲ್ಲಿರುವ ದ್ರಾವಣ ಬೇರೆಯಾಗಿದೆ. ಕ್ರಮ ಹೀಗೆ: ಮೇಲಿನಿಂದ ಕೆಳಕ್ಕೆ, ಕಡಿಮೆ ಕೊಳೆಯ ಕಡೆಯಿಂದ ಹೆಚ್ಚು ಕೊಳೆಯ ಕಡೆಗೆ. ಮೊದಲು ದೀಪದ ಹಿಡಿಕೆ, ಮಾನಿಟರು, ಯಂತ್ರದ ತಿರುಪುಗಳು, ಆಮೇಲೆ ಮೇಜು, ಅದರ ಹಾಸಿಗೆಯ ಅಡಿಭಾಗ, ಕೊನೆಗೆ ಗಾಲಿ ಮತ್ತು ನೆಲ. ಬಟ್ಟೆಯನ್ನು ಅಂಗೈಯಗಲಕ್ಕೆ ಮಡಚಿಕೊಳ್ಳುತ್ತಾರೆ. ಒಂದು ವಸ್ತು ಒರೆಸಿದ ಮುಖವನ್ನು ಇನ್ನೊಂದಕ್ಕೆ ಬಳಸದೆ ಮಗುಚುತ್ತಾ ಹೋಗಿ, ಎಲ್ಲ ಮುಖಗಳೂ ಮುಗಿದಾಗ ಬೇರೆ ಬಟ್ಟೆ ತೆಗೆಯುತ್ತಾರೆ. ಕೊಳೆಯಾದ ಬಟ್ಟೆಯನ್ನು ಬಕೆಟ್ಟಿನ ದ್ರಾವಣಕ್ಕೆ ಮತ್ತೆ ಅದ್ದುವುದಿಲ್ಲ. ರಕ್ತ ಚೆಲ್ಲಿದ ಕಡೆ ಶೇಕಡ 1ರ ಹೈಪೊಕ್ಲೋರೈಟ್ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸುತ್ತಾರೆ; ಲೋಹವನ್ನು ಅದು ತಿನ್ನುವುದರಿಂದ ಯಂತ್ರಗಳಿಗೆ ಬೇರೆ ದ್ರಾವಣ.

ಇಲ್ಲಿ ಮುಖ್ಯವಾದದ್ದು ತೇವ ನಿಲ್ಲುವ ಸಮಯ. ಯಾವ ದ್ರಾವಣವೂ ತಾಗಿದ ಕ್ಷಣಕ್ಕೆ ಕೊಲ್ಲುವುದಿಲ್ಲ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಬೇಕು. ಸ್ಪಿರಿಟ್ಟಿನ ವಿಷಯದಲ್ಲಿ ಒಂದು ಸೋಜಿಗವಿದೆ. ಶೇಕಡ 70ರ ಆಲ್ಕೊಹಾಲ್ ಅಪ್ಪಟ ಆಲ್ಕೊಹಾಲ್‌ಗಿಂತ ಚೆನ್ನಾಗಿ ಕೊಲ್ಲುತ್ತದೆ, ಪ್ರೋಟೀನ್ ಕೆಡಬೇಕಾದರೆ ನೀರಿನ ಅಂಶ ಬೇಕೇ ಬೇಕು. ಒರೆಸಿದ ಮರುಕ್ಷಣ ಒಣಬಟ್ಟೆಯಿಂದ ತೀಡಿ ಹೊಳಪು ತರುವುದು ನೋಡಲು ಚೆಂದ, ಕೆಲಸಕ್ಕೆ ಕೆಡುಕು. ಮುಂದಿನ ರೋಗಿಯ ಟ್ರಾಲಿ ಬಾಗಿಲಲ್ಲಿ ಕಾಯುತ್ತಿರುವಾಗ, ಸರ್ಜನ್ ಗಡಿಯಾರ ನೋಡುತ್ತಿರುವಾಗ, ‘ಇನ್ನೂ ಒಣಗಿಲ್ಲ, ಸಾರ್’ ಎಂದು ಹೇಳಿ ಕಾಯುವುದಕ್ಕೆ ಧೈರ್ಯ ಬೇಕು. ಅಂಥ ಧೈರ್ಯಕ್ಕೆ ಬೆಂಬಲ ಕೊಡುವ ಆಸ್ಪತ್ರೆಯಲ್ಲಿ ಮಾತ್ರ ಈ ಕೆಲಸ ನೆಟ್ಟಗೆ ನಡೆಯುತ್ತದೆ.

ಒರೆಸಿದ್ದು ಸರಿಯಾಗಿದೆಯೇ ಎಂದು ನೋಡಲು ಈಗ ಮಿಂಚುಹುಳುವಿನ ನೆರವೂ ಇದೆ. ಜೀವಕೋಶಗಳಲ್ಲೆಲ್ಲ ಎಟಿಪಿ ಎಂಬ ವಸ್ತುವಿರುತ್ತದೆ. ಮಿಂಚುಹುಳುವಿನ ಹೊಟ್ಟೆಯಲ್ಲಿ ಬೆಳಕು ಮೂಡಿಸುವ ಲೂಸಿಫರೇಸ್ ಎಂಬ ಎಂಜೈಮಿಗೆ ಎಟಿಪಿ ಸೇರಿದರೆ ಬೆಳಕು ಬರುತ್ತದೆ. ಒರೆಸಿದ ಬಿ.ಪಿ. ಪಟ್ಟಿಯ ಮೇಲೆ ಹತ್ತಿಯ ಕಡ್ಡಿ ಆಡಿಸಿ, ಅದನ್ನು ಟ್ಯೂಬಿಗೆ ಹಾಕಿ, ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ತೂರಿಸಿದರೆ ಅರ್ಧ ನಿಮಿಷದೊಳಗೆ ಅಂಕಿ ಬರುತ್ತದೆ. ಅಂಕಿ ದೊಡ್ಡದಿದ್ದಷ್ಟೂ ಉಳಿದ ಕೊಳೆ ಹೆಚ್ಚು. ಅದು ಬ್ಯಾಕ್ಟೀರಿಯಾದ್ದೋ ರಕ್ತದ್ದೋ ಎಂದು ಈ ಯಂತ್ರ ಹೇಳಲಾರದು, ಮತ್ತೆ ಒರೆಸಬೇಕು ಎಂಬುದನ್ನು ಮಾತ್ರ ಖಚಿತವಾಗಿ ಹೇಳುತ್ತದೆ.

ಆರ್ಟರಿ ಫೋರ್ಸೆಪ್ಸ್ ಇರುವ ಪ್ಯಾಕ್ ಅಷ್ಟರಲ್ಲಿ ಥಿಯೇಟರಿಗೆ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ ಚರ್ಮ ಕೊಯ್ಯುವ ಮುನ್ನ ನರ್ಸ್ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಒಂದು ಇದೇ: ಸೂಚಕ ಪಟ್ಟಿಯ ಫಲಿತಾಂಶ ಸೇರಿ, ಸಲಕರಣೆ ಕ್ರಿಮಿರಹಿತವೆಂದು ಖಚಿತವಾಗಿದೆಯೇ? ನರ್ಸ್ ಪ್ಯಾಕ್ ಹರಿದಿಲ್ಲವೆಂದು, ಒದ್ದೆಯಿಲ್ಲವೆಂದು ನೋಡಿ, ಹೊದಿಕೆಯ ಕಿವಿ ಹಿಡಿದು ಬಿಚ್ಚಿ, ಒಳಗಿನ ಪಟ್ಟಿಯ ಬಣ್ಣ ನೋಡಿ ‘ಹೌದು’ ಎನ್ನುತ್ತಾರೆ. ಪ್ಯಾಕಿನ ಮೇಲಿದ್ದ ಲೇಬಲ್ಲನ್ನು ಕಿತ್ತು ರೋಗಿಯ ಕೇಸ್‌ಶೀಟಿಗೆ ಅಂಟಿಸುತ್ತಾರೆ. ಅದರಲ್ಲಿ ಆಟೊಕ್ಲೇವ್‌ನ ಸಂಖ್ಯೆ, ಲೋಡಿನ ಸಂಖ್ಯೆ, ತಾರೀಖು, ಸುತ್ತಿದವರ ಸಹಿ ಇರುತ್ತವೆ. ಎರಡು ದಿನ ಬಿಟ್ಟು ಆ ಲೋಡಿನ ಬೀಜಕದ ಟ್ಯೂಬ್ ಹಳದಿಯಾದರೆ, ಹಿಂದಿನ ಸರಿಯಾದ ಫಲಿತಾಂಶದ ನಂತರ ಆ ಯಂತ್ರದಿಂದ ಹೊರಬಂದ ಪ್ಯಾಕ್‌ಗಳನ್ನೆಲ್ಲ ವಾಪಸ್ ತರಿಸಿ, ಬಳಸಿಯಾಗಿದ್ದರೆ ಯಾವ ರೋಗಿಗೆ ಎಂದು ಹುಡುಕಿ ಅವರ ಮೇಲೆ ಕಣ್ಣಿಡುವುದು ಆ ಲೇಬಲ್ಲಿನಿಂದಲೇ.